ತುಳಿಯುವ ಕಾಲಿಗೆ ಎತ್ತುವ ತೋಳೂ ಜೊತೆಯಾಗಲಿ



ಖಾನಾಪುರ ತಾಲೂಕಿನ ಓದುಗರೊಬ್ಬರು ಬರೆದ ಪತ್ರವೊಂದು ಕಳೆದ ತಿಂಗಳು ನನ್ನ ಕೈಸೇರಿತು. ಅವರಿಗೆ ಈಗ 47 ವಯಸ್ಸು. ದಿನವೂ ಬೆಳಿಗ್ಗೆ 15 ಕಿಲೋಮೀಟರು ಸೈಕಲ್ ತುಳಿಯುವ ರೂಢಿಯನ್ನು ಮೂರು ವರ್ಷಗಳಿಂದ ತಪ್ಪದೆ ನಡೆಸಿಕೊಂಡು ಬಂದಿದ್ದಾರೆ. ಉಸಿರು ಹಗುರಾಗಿದೆ, ಹೊಟ್ಟೆ ಇಳಿದಿದೆ, ರಾತ್ರಿ ನಿದ್ರೆ ಚೆನ್ನಾಗಿ ಬರುತ್ತಿದೆ ಎಂದು ಸಂತೋಷದಿಂದ ತಿಳಿಸಿದ್ದಾರೆ. ಆದರೆ ಈಚೆಗೆ ಅವರ ವೈದ್ಯರು, ಸೈಕಲ್ಲಿನ ಜೊತೆಗೆ ಸ್ನಾಯುಗಳಿಗೆ ಬಲ ಬರುವಂಥ ವ್ಯಾಯಾಮವನ್ನೂ ಮಾಡಬೇಕೆಂದು ಸೂಚಿಸಿದರಂತೆ. ಇದರಿಂದ ಅವರ ಮನಸ್ಸಿನಲ್ಲಿ ಮೂರು ಪ್ರಶ್ನೆಗಳು ಎದ್ದಿವೆ. ಸೈಕಲ್ ಒಂದೇ ಸಾಲದೆ? ಈ ವಯಸ್ಸಿನಲ್ಲಿ ಭಾರ ಎತ್ತಲು ಹೊರಟರೆ ಜನ ನಗಲಾರರೆ? ತಮ್ಮ ಊರಲ್ಲಿ ವ್ಯಾಯಾಮಶಾಲೆ ಇಲ್ಲದಿರುವಾಗ ಮನೆಯಲ್ಲಿಯೇ ಆರಂಭಿಸುವುದು ಹೇಗೆ?

ನಾನು ವೈದ್ಯನಲ್ಲ, ವ್ಯಾಯಾಮ ಶಿಕ್ಷಕನೂ ಅಲ್ಲ. ಮಠದ ಪ್ರಸಾದನಿಲಯದಲ್ಲಿ ಉಂಡು, ಹಳಗನ್ನಡವನ್ನೂ ಸಂಸ್ಕೃತವನ್ನೂ ಕಲಿತು, ಜೀವಮಾನವಿಡೀ ಪಾಠ ಹೇಳಿಕೊಂಡು ಬಂದವನು. ಇಂಥ ಪ್ರಶ್ನೆಗಳಿಗೆ ಉತ್ತರಿಸುವ ಅಧಿಕಾರ ನನಗೆಲ್ಲಿಯದು ಎಂದು ನೀವು ಕೇಳಬಹುದು. ಇದೇ ಪಾಠವನ್ನು ನಾನು ತಡವಾಗಿ, ಬೆಲೆ ತೆತ್ತು ಕಲಿತಿದ್ದೇನೆ ಎಂಬುದೊಂದೇ ನನ್ನ ಅಧಿಕಾರ. ಆ ಸಂಗತಿಯನ್ನು ಮೊದಲು ಹೇಳುತ್ತೇನೆ.

ಬಚ್ಚಲಿನ ಬಾಗಿಲಲ್ಲಿ

ನಾಲ್ಕು ವರ್ಷಗಳ ಹಿಂದಿನ ಮಾತು. ಆಗ ನನಗೆ 62 ವಯಸ್ಸು. ಬೆಳಗಾವಿಯ ನೆಹರು ನಗರದ ನಮ್ಮ ಮನೆಯಿಂದ ರಾಣಿ ಚೆನ್ನಮ್ಮನ ತವರೂರಾದ ಕಾಕತಿಯವರೆಗೆ ಸೈಕಲ್ ಮೇಲೆ ಹೋಗಿ ಬರುವುದು ನನ್ನ ಬಹುಕಾಲದ ರೂಢಿ. ವಾರಕ್ಕೊಮ್ಮೆ ಯಳ್ಳೂರಿನ ರಾಜಹಂಸಗಡದ ಬುಡದವರೆಗೂ ಹೋಗುತ್ತಿದ್ದೆ. ನನ್ನ ವಯಸ್ಸಿನವರು ಮೆಟ್ಟಿಲು ಏರುವಾಗ ಏದುಸಿರು ಬಿಡುವುದನ್ನು ಕಂಡು ಒಳಗೊಳಗೇ ಹೆಮ್ಮೆಪಡುತ್ತಿದ್ದೆನೆಂಬುದನ್ನು ಮುಚ್ಚಿಡಲಾರೆ.

ಆಷಾಢದ ಒಂದು ಮುಂಜಾನೆ ಹೊರಗೆ ಮಳೆ ಜಡಿಯುತ್ತಿತ್ತು. ಬಚ್ಚಲಿನಲ್ಲಿ ಏನೋ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ನಮ್ಮ ಮನೆಯವರು ಜಾರಿ ಬಿದ್ದಿದ್ದರು. ಬಲಗೈಯ ಮಣಿಕಟ್ಟು ಊದಿಕೊಳ್ಳುತ್ತಿತ್ತು. ಎತ್ತಲೆಂದು ಬಾಗಿದೆ. ಅವರ ತೂಕ ಹೆಚ್ಚೇನೂ ಅಲ್ಲ, 55 ಕಿಲೋ. ಒಮ್ಮೆ ಪ್ರಯತ್ನಿಸಿದೆ, ಎರಡನೆಯ ಸಲ ಪ್ರಯತ್ನಿಸಿದೆ. ಮೂರನೆಯ ಸಲಕ್ಕೆ ನನ್ನ ಸೊಂಟವೇ ಹಿಡಿದುಕೊಂಡು, ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಲ್ಲಬೇಕಾಯಿತು. ಕೊನೆಗೆ ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದ ಇಬ್ಬರು ವಿದ್ಯಾರ್ಥಿಗಳನ್ನು ಕೂಗಿ ಕರೆದೆ. ಅವರು ಬಂದು ಹೂವಿನಂತೆ ಎತ್ತಿ ಹೊರಸಿನ ಮೇಲೆ ಕೂಡಿಸಿದರು.

ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿತ್ತು. ಆರು ವಾರ ಪಟ್ಟಿ ಹಾಕಿಸಿದ್ದಾಯಿತು. ಒಂದು ಸಂಜೆ ಅವರು ನಗುತ್ತಲೇ ಅಂದರು: "ಲಗ್ನಾದ ಹೊಸದಾಗಿ ಸೈಕಲ್ ಮ್ಯಾಲೆ ಕೂಡಿಸಿಕೊಂಡು ಇಡೀ ಊರು ತಿರುಗಿಸಿದ್ರಿ. ನೆಲದ ಮ್ಯಾಲಿಂದ ಎತ್ತಾಕ ಮಾತ್ರ ಆಗಲಿಲ್ಲ ನೋಡ್ರಿ." ಆ ಮಾತಿನಲ್ಲಿ ಆಕ್ಷೇಪವಿರಲಿಲ್ಲ. ಆದರೂ ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ದಿನಕ್ಕೆ ಇಷ್ಟು ದೂರ ತುಳಿಯುವ ಮನುಷ್ಯನಿಗೆ ತನ್ನ ಮನೆಯ ಜೀವವನ್ನು ನೆಲದಿಂದ ಮೇಲೆತ್ತುವ ಬಲವಿಲ್ಲವೆಂದರೆ, ನಾನು ಇಷ್ಟು ವರ್ಷ ಗಳಿಸಿದ್ದೇನು ಎಂಬ ಪ್ರಶ್ನೆ ಕಾಡತೊಡಗಿತು.

ಸೈಕಲ್ ಒಂದೇ ಸಾಲದೆ?

ಸೈಕಲ್ ತುಳಿಯುವುದು ಶ್ರೇಷ್ಠ ವ್ಯಾಯಾಮವೆಂಬುದರಲ್ಲಿ ಎರಡು ಮಾತಿಲ್ಲ. ಹೃದಯ, ಶ್ವಾಸಕೋಶ, ರಕ್ತದಲ್ಲಿನ ಸಕ್ಕರೆ, ಮನಸ್ಸಿನ ಉಲ್ಲಾಸ ಇವೆಲ್ಲವುಗಳ ಮೇಲೂ ಅದರ ಪರಿಣಾಮ ಹಿತಕರವಾದುದು. ಮೊಣಕಾಲುಗಳಿಗೆ ಓಟದಷ್ಟು ಪೆಟ್ಟು ಕೊಡುವುದೂ ಇಲ್ಲ. ಆದರೆ ಅದರ ಗುಣವೇ ಅದರ ಮಿತಿಯೂ ಆಗಿದೆ. ಸೈಕಲ್ ಸವಾರನ ಮೈಭಾರವನ್ನು ಹೊರುವುದು ಅವನ ಕಾಲುಗಳಲ್ಲ, ಸೈಕಲ್ಲಿನ ಸೀಟು. ಬೆನ್ನು ಮುಂದಕ್ಕೆ ಬಾಗಿಯೇ ಇರುತ್ತದೆ. ತೋಳುಗಳಿಗೆ ಹಿಡಿಕೆಯನ್ನು ಹಿಡಿದಿರುವುದಕ್ಕಿಂತ ಹೆಚ್ಚಿನ ಕೆಲಸವಿಲ್ಲ. ಕಾಲು ಕೂಡ ಒಂದೇ ಸುತ್ತಿನಲ್ಲಿ ತಿರುಗುತ್ತದೆ. ಪೂರ್ತಿ ಮಡಚುವುದೂ ಇಲ್ಲ, ಪೂರ್ತಿ ಚಾಚುವುದೂ ಇಲ್ಲ.

ನಮ್ಮ ಸ್ನಾಯುಗಳಲ್ಲಿ ಎರಡು ಬಗೆಯ ಎಳೆಗಳಿವೆ. ಒಂದು ಬಗೆಯವು ನಿಧಾನವಾಗಿ, ಬಹುಹೊತ್ತು ದುಡಿಯಬಲ್ಲವು. ಇನ್ನೊಂದು ಬಗೆಯವು ಥಟ್ಟನೆ ದೊಡ್ಡ ಬಲವನ್ನು ಹಾಕಬಲ್ಲವು, ಆದರೆ ಬೇಗ ದಣಿಯುತ್ತವೆ. ಸಮತಟ್ಟಾದ ದಾರಿಯಲ್ಲಿ ಒಂದೇ ಗತಿಯಲ್ಲಿ ತುಳಿಯುವಾಗ ದುಡಿಯುವವು ಮುಖ್ಯವಾಗಿ ಮೊದಲನೆಯವು. ವಯಸ್ಸಾದಂತೆ ಹೆಚ್ಚು ಕೃಶವಾಗುವವು ಎರಡನೆಯವು. ಕಾಲು ಎಡವಿದಾಗ ಥಟ್ಟನೆ ಮೈಯನ್ನು ಸಾವರಿಸಿಕೊಳ್ಳುವುದು, ಕುಳಿತಲ್ಲಿಂದ ಏಳುವುದು, ಬಿದ್ದವರನ್ನು ಎತ್ತುವುದು, ಇವೆಲ್ಲ ಈ ಎರಡನೆಯ ಬಗೆಯ ಎಳೆಗಳ ಕೆಲಸ. ಹೀಗಾಗಿ ನನಗೆ ಕಾಕತಿಯವರೆಗೆ ಹೋಗಲು ಬಲವಿತ್ತು, ಬಚ್ಚಲಿನಲ್ಲಿ ಬಲವಿರಲಿಲ್ಲ.

ವಯಸ್ಸಿನೊಡನೆ ಸ್ನಾಯು ಕರಗುವ ಈ ಸ್ಥಿತಿಗೆ ಅಮೆರಿಕದ ವಿಜ್ಞಾನಿ ಅರ್ವಿನ್ ರೋಸೆನ್‌ಬರ್ಗ್ ಅವರು 1989ರಲ್ಲಿ 'ಸಾರ್ಕೋಪೀನಿಯಾ' ಎಂಬ ಹೆಸರಿಟ್ಟರು. ಗ್ರೀಕ್ ಭಾಷೆಯ ಎರಡು ಶಬ್ದಗಳಿಂದಾದ ಈ ಪದಕ್ಕೆ 'ಮಾಂಸದ ಬಡತನ' ಎಂದರ್ಥ. ಶಬ್ದಾರ್ಥದಲ್ಲಿ ರುಚಿಯುಳ್ಳ ನನಗೆ ಈ ಹೆಸರು ಬಹಳ ಹಿಡಿಸಿತು. ಬಡತನವೆಂಬುದು ಒಂದೇ ದಿನ ಬರುವುದಲ್ಲ; ಗಳಿಕೆಯಿಲ್ಲದೆ ಗಂಟು ಕರಗುತ್ತಾ ಬಂದು, ಒಂದು ದಿನ ಬಾಗಿಲಲ್ಲಿ ನಿಂತಿರುತ್ತದೆ. ಮೂವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಸ್ನಾಯುವಿನ ಶೇ. 3ರಿಂದ 8ರಷ್ಟು ಭಾಗ ಕರಗುತ್ತದೆಯೆಂದೂ, ಅರವತ್ತರ ನಂತರ ಅದರ ವೇಗ ಹೆಚ್ಚುತ್ತದೆಯೆಂದೂ ತಜ್ಞರು ಅಂದಾಜಿಸುತ್ತಾರೆ.

ಎಲುಬಿನ ಮಾತೂ ಇದೆ. ಎಲುಬು ಗಟ್ಟಿಯಾಗಿ ಉಳಿಯಬೇಕಾದರೆ ಅದರ ಮೇಲೆ ಭಾರ ಬೀಳುತ್ತಿರಬೇಕು. 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ವರ್ಷಗಟ್ಟಲೆ ಕಠಿಣ ತರಬೇತಿ ಪಡೆದಿದ್ದ, ಐವತ್ತರ ಆಸುಪಾಸಿನ ಪುರುಷ ಸೈಕಲ್ ಪಟುಗಳ ಬೆನ್ನೆಲುಬು ಮತ್ತು ಸೊಂಟದ ಎಲುಬಿನ ಸಾಂದ್ರತೆ, ಕ್ರೀಡಾಪಟುಗಳಲ್ಲದ ಅದೇ ವಯಸ್ಸಿನವರಿಗಿಂತ ಕಡಿಮೆಯಿರುವುದು ಕಂಡುಬಂದಿತು. ಇದನ್ನು ಓದಿ ಯಾರೂ ಸೈಕಲ್ಲನ್ನು ಮೂಲೆಗೆ ಒರಗಿಸಬೇಕಾಗಿಲ್ಲ. ದಿನಕ್ಕೆ 15 ಕಿಲೋಮೀಟರು ತುಳಿಯುವವರು ಆ ಪಟುಗಳಂತಲ್ಲ. ಎಲುಬನ್ನು ಕಾಯುವ ಕೆಲಸವನ್ನು ಸೈಕಲ್ಲಿನಿಂದ ನಿರೀಕ್ಷಿಸಲಾಗದು ಎಂಬಷ್ಟೇ ಇದರ ತಾತ್ಪರ್ಯ.

ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ಇವೆರಡನ್ನೂ ಬೇರೆಬೇರೆಯಾಗಿ ಹೇಳಿದೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಸಾಧಾರಣ ಶ್ರಮದ ಉಸಿರಿನ ವ್ಯಾಯಾಮವನ್ನು ಮಾಡಬೇಕು. ಅದರ ಜೊತೆಗೆ ವಾರಕ್ಕೆ ಕನಿಷ್ಠ 2 ದಿನ ಮೈಯ ಎಲ್ಲ ಮುಖ್ಯ ಸ್ನಾಯುಗಳಿಗೂ ಬಲವರ್ಧಕ ವ್ಯಾಯಾಮ ಮಾಡಬೇಕು. ಮೊದಲನೆಯದನ್ನು ನಮ್ಮ ಖಾನಾಪುರದ ಬಂಧುಗಳು ಈಗಾಗಲೇ ಸಾಧಿಸಿದ್ದಾರೆ. ಎರಡನೆಯದು ಬಾಕಿಯಿದೆ.

ನಗುವವರಿಗೆ ಉತ್ತರ

ಎರಡನೆಯ ಪ್ರಶ್ನೆ ಜನರ ನಗುವಿನದು. ಭಾರ ಎತ್ತುವುದು ನಿನ್ನೆ ಮೊನ್ನೆ ಪರದೇಶದಿಂದ ಬಂದ ಚಟವೆಂದು ನಗುವವರು ನಮ್ಮ ನಾಡಿನ ಚರಿತ್ರೆಯನ್ನು ಬಲ್ಲವರಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲರ ವಿನೋದಕ್ಕೆ ಒಂದು ಪ್ರಕರಣವೇ ಮೀಸಲಾಗಿದೆ. ಮಲ್ಲರ ಆಹಾರ, ಅಭ್ಯಾಸ, ವಿಶ್ರಾಂತಿ ಎಲ್ಲವನ್ನೂ ಅಲ್ಲಿ ವಿವರಿಸಲಾಗಿದೆ. ಅವರ ಸಾಧನೆಯಲ್ಲಿ ಭಾರವನ್ನೆತ್ತುವ 'ಭಾರಶ್ರಮ', ತಿರುಗಾಟದ 'ಭ್ರಮಣಶ್ರಮ', ನೀರಿನಲ್ಲಿ ಈಜುವ 'ಸಲಿಲಶ್ರಮ', ಕಂಬದ ಮೇಲಿನ 'ಸ್ತಂಭಶ್ರಮ' ಎಂಬಂತೆ ಬೇರೆಬೇರೆ ಶ್ರಮಗಳಿವೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ತಿರುಗಾಡಿದವನು ಭಾರ ಎತ್ತಬೇಕಾಗಿಲ್ಲವೆಂದು ಆ ಗ್ರಂಥ ಹೇಳುವುದಿಲ್ಲ. ಒಂದು ಶ್ರಮ ಇನ್ನೊಂದರ ಬದಲಿಯಲ್ಲ. ನಮ್ಮ ಸೈಕಲ್ಲು ಇಂದಿನ ಭ್ರಮಣಶ್ರಮ; ಭಾರಶ್ರಮದ ಪಾಲು ಹಾಗೆಯೇ ಉಳಿದಿರುತ್ತದೆ.

ನಮ್ಮ ಬೆಳಗಾವಿಯಂತೂ ಕುಸ್ತಿಯ ಸೀಮೆ. ಗರಡಿಯನ್ನು ಇಲ್ಲಿ ತಾಲೀಮು ಎನ್ನುವುದುಂಟು. ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದಮಾಡಿದ ಕೆಮ್ಮಣ್ಣಿನ ಕಣ, ದಂಡ, ಬೈಠಕ್, ಗದೆ, ಕಲ್ಲುಗುಂಡು ಇವುಗಳನ್ನು ಕಂಡು ಬೆಳೆದ ಹಿರಿಯರು ಪ್ರತಿ ಹಳ್ಳಿಯಲ್ಲಿಯೂ ಇದ್ದಾರೆ. ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲನ್ನೂ ಜೋಳದ ಚೀಲವನ್ನೂ ಎತ್ತುವ ಪಂದ್ಯಗಳನ್ನು ನೋಡದವರು ವಿರಳ. ಅದೇ ರೀತಿ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಸೈಕಲ್ ಪಟುಗಳ ತವರು. ಒಂದೇ ಸೀಮೆಯಲ್ಲಿ ಅಕ್ಕಪಕ್ಕ ಬೆಳೆದ ಈ ಎರಡು ಸಂಪತ್ತುಗಳನ್ನು ಒಬ್ಬನೇ ಮನುಷ್ಯ ತನ್ನ ಮನೆಯಲ್ಲಿ ಕೂಡಿಸಿಕೊಂಡರೆ ಅದರಲ್ಲಿ ನಗುವಂಥದ್ದೇನಿದೆ?

ಮನೆಯಲ್ಲಿಯೇ ಕುಳಿತು ಮೈಬಲ ಸಾಧಿಸುವುದೂ ಕನ್ನಡಿಗರಿಗೆ ಹೊಸತಲ್ಲ. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಓದಿದವರಿಗೆ ಕೆ.ವಿ. ಅಯ್ಯರ್ ಅವರ ಹೆಸರು ಗೊತ್ತು. ಆದರೆ ಆ ಕಾದಂಬರಿಕಾರರು ಮೂಲತಃ ಬೆಂಗಳೂರಿನ ಪ್ರಸಿದ್ಧ ವ್ಯಾಯಾಮಾಚಾರ್ಯರೆಂಬುದನ್ನು ಈಗಿನ ಪೀಳಿಗೆ ಮರೆತಿದೆ. ಭಾರ ಎತ್ತುವ ವ್ಯಾಯಾಮದೊಡನೆ ಸೂರ್ಯನಮಸ್ಕಾರವನ್ನೂ ಯೋಗಾಸನಗಳನ್ನೂ ಅವರು ಹೊಂದಿಸಿ ಕಲಿಸುತ್ತಿದ್ದರು. ತಮ್ಮ ವ್ಯಾಯಾಮಶಾಲೆಗೆ ಬರಲಾಗದವರಿಗೆ ಅಂಚೆಯ ಮೂಲಕ ಪಾಠಗಳನ್ನು ಕಳಿಸುತ್ತಿದ್ದರು. ಕಾದಂಬರಿ ಬರೆಯುವ ಕೈಗೂ ಭಾರ ಎತ್ತುವ ಕೈಗೂ ಜಗಳವಿಲ್ಲವೆಂಬುದಕ್ಕೆ ಅವರ ಜೀವನವೇ ನಿದರ್ಶನ.

ಇನ್ನೊಂದು ಮಾತು. ನಮ್ಮ ಅಜ್ಜಿಯರು ಯಾವ ಗರಡಿಗೂ ಹೋಗಲಿಲ್ಲ. ಹೋಗಬೇಕಾಗಿಯೂ ಇರಲಿಲ್ಲ. ಬೆಳಗಿನ ಜಾವದಲ್ಲಿ ಬೀಸುವ ಕಲ್ಲು, ಆಮೇಲೆ ಬಾವಿಯ ಹಗ್ಗ, ತಲೆಯ ಮೇಲೊಂದು ಟೊಂಕದ ಮೇಲೊಂದು ಕೊಡ, ಕುಟ್ಟುವ ಒನಕೆ, ಕಟ್ಟಿಗೆಯ ಹೊರೆ. ಮನೆಯೇ ಗರಡಿಯಾಗಿತ್ತು. ನಾನು ಮಠದಲ್ಲಿದ್ದಾಗ ದಾಸೋಹದ ಅಡುಗೆಮನೆಗೆ ನೀರು ಸೇದಿ ಹಾಕುವ ಸರದಿ ನಮ್ಮದಿರುತ್ತಿತ್ತು. 'ರಟ್ಟೆ ಮುರಿದು ರೊಟ್ಟಿ ತಿನ್ನು' ಎಂಬ ಗಾದೆ ಅಂದು ಉಪದೇಶವಾಗಿರಲಿಲ್ಲ, ದಿನಚರಿಯಾಗಿತ್ತು. ಇಂದು ಹಿಟ್ಟಿನ ಗಿರಣಿ, ನೀರೆತ್ತುವ ಮೋಟಾರು, ಮಿಕ್ಸರು, ಅಡುಗೆಯ ಅನಿಲ ಬಂದು ನಮ್ಮ ಕಷ್ಟವನ್ನು ಇಳಿಸಿವೆ. ಅದು ಒಳ್ಳೆಯದೇ. ಬೀಸುವ ಕಲ್ಲು ಮರಳಿ ಬರಲಿ ಎಂದು ನಾನು ಹೇಳಲಾರೆ. ಅದರಲ್ಲಿ ನಮ್ಮ ತಾಯಂದಿರ ಎಷ್ಟು ಬೆವರು ಹರಿದಿದೆಯೆಂಬುದನ್ನು ಕಂಡಿದ್ದೇನೆ. ಆದರೆ ಕಷ್ಟದ ಜೊತೆಗೆ ಹೊರಟುಹೋದ ಬಲವನ್ನು ವಾರಕ್ಕೆ ಎರಡು ಸಲ, ಅರ್ಧ ಗಂಟೆ, ತಿಳಿದು ಮರಳಿ ಗಳಿಸಿಕೊಳ್ಳಬೇಕಾಗಿದೆ.

ವಯಸ್ಸು ಮೀರಿತೆಂಬ ನೆವವೂ ನಿಲ್ಲುವುದಿಲ್ಲ. 1990ರಲ್ಲಿ ಅಮೆರಿಕದ ಬಾಸ್ಟನ್ ನಗರದ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ, ತೊಂಬತ್ತರ ಆಸುಪಾಸಿನ 10 ಮಂದಿಗೆ 8 ವಾರ ತೊಡೆಯ ಸ್ನಾಯುಗಳಿಗೆ ಭಾರದ ವ್ಯಾಯಾಮ ಮಾಡಿಸಲಾಯಿತು. ಕೊನೆಯವರೆಗೆ ಉಳಿದವರು 9 ಮಂದಿ. ಅವರ ತೊಡೆಯ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತ್ತು. ತೊಂಬತ್ತರಲ್ಲಿ ಸಾಧ್ಯವಾದುದು ನಲವತ್ತೇಳರಲ್ಲಿ ಆಗದೆ?

ಮನೆಯಲ್ಲಿ ಆರಂಭಿಸುವ ಬಗೆ

ಮೊದಲು ಒಂದು ಎಚ್ಚರಿಕೆ. ರಕ್ತದ ಒತ್ತಡ, ಹೃದಯದ ತೊಂದರೆ, ಹರ್ನಿಯಾ, ಬೆನ್ನೆಲುಬಿನ ನೋವು, ಕಣ್ಣಿನ ಒಳಪರದೆಯ ದೋಷ ಇರುವವರು ವೈದ್ಯರನ್ನು ಕೇಳದೆ ಭಾರಕ್ಕೆ ಕೈಹಚ್ಚಬಾರದು. ಮಾಡುವಾಗ ಎದೆ ಹಿಡಿದಂತಾದರೆ, ತಲೆ ಸುತ್ತಿದರೆ, ಕೀಲಿನಲ್ಲಿ ಚುಚ್ಚುವ ನೋವು ಬಂದರೆ ಕೂಡಲೇ ನಿಲ್ಲಿಸಬೇಕು.

ಎರಡನೆಯ ಎಚ್ಚರಿಕೆ ನನ್ನ ಮೂರ್ಖತನದಿಂದ ಹುಟ್ಟಿದ್ದು. ಹುಡುಗನಾಗಿದ್ದಾಗ ಒಂದೇ ಉಸಿರಿಗೆ ಬೈಠಕ್ ಹೊಡೆಯುತ್ತಿದ್ದ ನೆನಪಿನಲ್ಲಿ ಮೊದಲ ದಿನವೇ 50 ಬೈಠಕ್ ಹೊಡೆದೆ. ಮನಸ್ಸಿಗೆ ಬಾಲ್ಯದ ನೆನಪಿತ್ತು, ತೊಡೆಗೆ ಇರಲಿಲ್ಲ. ನಾಲ್ಕು ದಿನ ಊಟಕ್ಕೆ ನೆಲದ ಮೇಲೆ ಕೂಡಲಾಗಲಿಲ್ಲ, ವಾರವಿಡೀ ಸೈಕಲ್ ಹತ್ತಲಾಗಲಿಲ್ಲ. ಆಮೇಲೆ ಆಯುರ್ವೇದದ ಒಂದು ಮಾತು ನೆನಪಾಯಿತು. ವ್ಯಾಯಾಮವನ್ನು ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ಮಾಡಬೇಕೆಂದು 'ಅಷ್ಟಾಂಗಹೃದಯ' ವಿಧಿಸುತ್ತದೆ. ಓದಿ ಪಾಠ ಹೇಳಿದ್ದ ಮಾತನ್ನು ಆಚರಣೆಯಲ್ಲಿ ಮರೆತಿದ್ದೆ. ಇನ್ನೂ ಎರಡು ಮೂರು ಸಲ ಮಾಡಬಲ್ಲೆ ಎನಿಸುವಾಗಲೇ ನಿಲ್ಲಿಸಬೇಕೆಂದು ಇಂದಿನ ತಜ್ಞರು ಹೊಸಬರಿಗೆ ಹೇಳುವುದೂ ಇದಕ್ಕೆ ಹತ್ತಿರದ ಮಾತೇ.

ಸಲಕರಣೆಗಾಗಿ ಹಣ ಸುರಿಯಬೇಕಾಗಿಲ್ಲ. ಗಟ್ಟಿಯಾದ ಒಂದು ಕುರ್ಚಿ, ಒಂದು ಗೋಡೆ, ಒಂದು ಮೆಟ್ಟಿಲು, ಹಿಡಿಕೆಯಿರುವ ಎರಡು 5 ಲೀಟರಿನ ಪ್ಲಾಸ್ಟಿಕ್ ಕ್ಯಾನುಗಳು, ಗಟ್ಟಿ ಬಟ್ಟೆಯ ಒಂದು ಕೈಚೀಲ ಇದ್ದರೆ ಸಾಕು. ಒಂದು ಲೀಟರು ನೀರು ಒಂದು ಕಿಲೋ ತೂಗುವುದರಿಂದ ಕ್ಯಾನಿನಲ್ಲಿ ಭಾರವನ್ನು ಹೆಚ್ಚು ಕಡಿಮೆ ಮಾಡಿಕೊಳ್ಳುವುದು ಸುಲಭ. ನಮ್ಮ ಮನೆಯಲ್ಲಿ ಭಾರದ ವಸ್ತುಗಳೆಂದರೆ ನಿಘಂಟುಗಳೇ. ಆದರೆ ಪುಸ್ತಕವನ್ನು ತೂಕದ ಕಲ್ಲಿನಂತೆ ಬಳಸಲು ಮನಸ್ಸೊಪ್ಪದೆ ಚೀಲಕ್ಕೆ ಜೋಳ ತುಂಬಿದೆ.

ಮಾಡಬೇಕಾದ ಚಲನೆಗಳು ಆರು.

ಮೊದಲನೆಯದು ಏಳುವುದು. ಕುರ್ಚಿಯ ಅಂಚಿನಲ್ಲಿ ಕುಳಿತು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಕೈಯೂರದೆ ಏಳಬೇಕು. ಮೂರು ಎಣಿಸುವಷ್ಟು ನಿಧಾನವಾಗಿ ಕೂಡಬೇಕು. ಇದು ಸುಲಭವಾದ ಮೇಲೆ ಕುರ್ಚಿಯನ್ನು ತೆಗೆದರೆ ಅದೇ ಬೈಠಕ್. ಆಮೇಲೆ ಎದೆಗೆ ಜೋಳದ ಚೀಲವನ್ನು ಅವುಚಿಕೊಂಡು ಮಾಡಬಹುದು.

ಎರಡನೆಯದು ತಳ್ಳುವುದು. ಗೋಡೆಗೆ ಅಂಗೈಯೂರಿ, ಮೈಯನ್ನು ಹಲಗೆಯಂತೆ ನೇರವಾಗಿಟ್ಟು, ಎದೆಯನ್ನು ಗೋಡೆಯ ಹತ್ತಿರಕ್ಕೆ ತಂದು ಮರಳಿ ತಳ್ಳಬೇಕು. ಕೆಲವು ವಾರಗಳ ನಂತರ ಗೋಡೆಯ ಬದಲು ಗಟ್ಟಿಯಾದ ಮೇಜು, ಆಮೇಲೆ ಪಡಸಾಲೆಯ ಕಟ್ಟೆ, ಕೊನೆಗೆ ನೆಲ. ಕೈ ಊರುವ ಜಾಗ ಕೆಳಗಿಳಿದಂತೆ ಶ್ರಮ ಹೆಚ್ಚುತ್ತದೆ.

ಮೂರನೆಯದು ನೆಲದಿಂದ ಎತ್ತುವುದು. ನಾನು ಸೋತದ್ದು ಇದರಲ್ಲಿಯೇ. ಕಾಲುಗಳ ನಡುವೆ ಚೀಲವನ್ನಿಟ್ಟುಕೊಂಡು, ಮೊಣಕಾಲನ್ನು ತುಸು ಬಗ್ಗಿಸಿ, ಸೊಂಟವನ್ನು ಹಿಂದಕ್ಕೆ ತಳ್ಳಿ ಬಾಗಬೇಕು. ಬೆನ್ನು ಬಿಲ್ಲಾಗಬಾರದು. ಚೀಲ ಮೈಗೆ ಹತ್ತಿಕೊಂಡೇ ಮೇಲೆ ಬರಬೇಕು. ಎತ್ತುವುದು ತೊಡೆ ಮತ್ತು ಪೃಷ್ಠ, ಬೆನ್ನು ಕೇವಲ ಗಟ್ಟಿಯಾಗಿ ನಿಲ್ಲುತ್ತದೆ. ಮೊದಲ ವಾರ ಖಾಲಿ ಚೀಲದಿಂದ ಈ ಭಂಗಿಯನ್ನಷ್ಟೇ ಕಲಿಯಿರಿ.

ನಾಲ್ಕನೆಯದು ಎಳೆಯುವುದು. ಎಡಗೈಯನ್ನು ಹೊರಸಿನ ಮೇಲೆ ಊರಿ ಬಾಗಿ, ಬಲಗೈಯಿಂದ ಕ್ಯಾನನ್ನು ಟೊಂಕದವರೆಗೆ ಎಳೆದು ಇಳಿಸಬೇಕು. ಆಮೇಲೆ ಕೈ ಬದಲಿಸಬೇಕು. ಬಾವಿಯ ನೀರು ಸೇದಿದ ತಲೆಮಾರಿಗೆ ಇದನ್ನು ಕಲಿಸಬೇಕಾಗಿಲ್ಲ. ಸೈಕಲ್ ಮೇಲೆ ಬಾಗಿ ಬಾಗಿ ಮುಂದಕ್ಕೆ ಬಂದ ಭುಜಗಳು ಇದರಿಂದ ಹಿಂದೆ ಸರಿಯುತ್ತವೆ.

ಐದನೆಯದು ಏರುವುದು. ಒಂದು ಮೆಟ್ಟಿಲನ್ನು ಒಂದೇ ಕಾಲಿನ ಬಲದಿಂದ ಏರಿ, ಅದೇ ಕಾಲಿನ ಬಲದಿಂದ ಮೆಲ್ಲಗೆ ಇಳಿಯಬೇಕು. ಬದಿಗೆ ಗೋಡೆಯಿರಲಿ. ತುಳಿಯುವಾಗ ಬಲಗಾಲು ಎಡಗಾಲಿನ ಸೋಮಾರಿತನವನ್ನು ಮುಚ್ಚಿಹಾಕುತ್ತದೆ. ಇಲ್ಲಿ ಆ ಮೋಸ ನಡೆಯುವುದಿಲ್ಲ.

ಆರನೆಯದು ಹೊರುವುದು. ಎರಡೂ ಕೈಗಳಲ್ಲಿ ನೀರು ತುಂಬಿದ ಕ್ಯಾನುಗಳನ್ನು ಹಿಡಿದು, ಎದೆಯೆತ್ತಿ, ಅಂಗಳದಲ್ಲಿ ಒಂದು ನಿಮಿಷ ನಡೆಯಬೇಕು. ಹಿಡಿತ, ಭುಜ, ಹೊಟ್ಟೆ, ನಡಿಗೆ ಎಲ್ಲಕ್ಕೂ ಇದೊಂದೇ ಸಾಕು.

ಮೊದಲ ಎರಡು ವಾರ ಪ್ರತಿಯೊಂದನ್ನೂ 8ರಿಂದ 10 ಸಲ, ಒಂದೇ ಸುತ್ತು ಮಾಡಿರಿ. ಆಮೇಲೆ ಎರಡು ಸುತ್ತು. ತಿಂಗಳಾದ ಮೇಲೆ ಬೇಕೆನಿಸಿದರೆ ಮೂರು. 12 ಸಲ ಮಾಡಿದರೂ ಶ್ರಮವೆನಿಸದಿದ್ದಾಗ ಮಾತ್ರ ಭಾರವನ್ನು ತುಸು ಹೆಚ್ಚಿಸಿರಿ. ಎತ್ತುವಾಗ ಉಸಿರನ್ನು ಹೊರಬಿಡಿ; ಉಸಿರು ಕಟ್ಟಿ ಎತ್ತಿದರೆ ರಕ್ತದ ಒತ್ತಡ ಥಟ್ಟನೆ ಏರುತ್ತದೆ. ಮೊದಲ ಕೆಲವು ವಾರಗಳಲ್ಲಿ ತೋಳು ತೊಡೆ ದಪ್ಪವಾಗದಿದ್ದರೂ ಬಲ ಹೆಚ್ಚಿದ್ದು ಅರಿವಿಗೆ ಬರುತ್ತದೆ. ನರಗಳು ಸ್ನಾಯುಗಳನ್ನು ಚೆನ್ನಾಗಿ ದುಡಿಸಿಕೊಳ್ಳಲು ಕಲಿಯುವುದೇ ಅದಕ್ಕೆ ಕಾರಣ.

ಎರಡು ದಿನಗಳ ನಡುವೆ ಕನಿಷ್ಠ 48 ಗಂಟೆಗಳ ಬಿಡುವಿರಲಿ. ಸೋಮವಾರ ಮತ್ತು ಗುರುವಾರ ಎಂದಿಟ್ಟುಕೊಂಡರೆ, ಉಳಿದ ದಿನ ಎಂದಿನಂತೆ ಸೈಕಲ್. ಭಾನುವಾರ ಖಾನಾಪುರದಿಂದ ಬೆಳಗಾವಿಗೆ ಹೋಗಿ ಬರುವಂಥ ದೀರ್ಘ ಸವಾರಿಯಿದ್ದರೆ ಶನಿವಾರ ತೊಡೆಗಳನ್ನು ದಣಿಸಬಾರದು. ನಮ್ಮ ಭಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ, ಅದರಲ್ಲಿಯೂ ಖಾನಾಪುರದ ಕಾಡಿನಂಚಿನ ಮಳೆ, ವಾರಗಟ್ಟಲೆ ಸೈಕಲ್ಲನ್ನು ಕಟ್ಟಿಹಾಕುತ್ತದೆ. ಆಗ ಬಲದ ವ್ಯಾಯಾಮವನ್ನು 3 ದಿನಕ್ಕೆ ಏರಿಸಿದರೆ ಮಳೆಗಾಲವೂ ವ್ಯರ್ಥವಾಗುವುದಿಲ್ಲ.

ಇದರಿಂದ ಸೈಕಲ್ಲಿಗೆ ನಷ್ಟವಾದೀತೆಂಬ ಭಯ ಬೇಡ. ನಾರ್ವೆ ದೇಶದ ಸಂಶೋಧಕರು ನುರಿತ ಸೈಕಲ್ ಪಟುಗಳಿಗೆ 12 ವಾರ, ವಾರಕ್ಕೆ 2 ಸಲ ಭಾರದ ವ್ಯಾಯಾಮ ಮಾಡಿಸಿ, 2011ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಮೂರು ಗಂಟೆಗೂ ಮೀರಿದ ಸವಾರಿಯ ಕೊನೆಯಲ್ಲಿ ಪೂರ್ಣ ಬಲದಿಂದ ತುಳಿಯಬೇಕಾದ 5 ನಿಮಿಷಗಳಲ್ಲಿ ಅವರ ಸಾಮರ್ಥ್ಯ ಹೆಚ್ಚಿತ್ತು.

ಅಡುಗೆಮನೆಯ ಪಾಲು

ನಾವು ಶಾಕಾಹಾರಿಗಳು. ಸ್ನಾಯು ಕಟ್ಟುವ ಪ್ರೋಟೀನು ನಮ್ಮ ತಾಟಿನಲ್ಲಿ ಸಾಕಷ್ಟಿದೆಯೆ ಎಂದು ನೋಡಿಕೊಳ್ಳುವುದು ಅವಶ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ 65 ಕಿಲೋ ತೂಕದ ಪುರುಷನಿಗೆ ದಿನಕ್ಕೆ 54 ಗ್ರಾಂ, 55 ಕಿಲೋ ತೂಕದ ಮಹಿಳೆಗೆ 46 ಗ್ರಾಂ ಬೇಕು. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ, ಅಷ್ಟೇ ತೂಕದ ಬೇಳೆಕಾಳಿನಲ್ಲಿ 22 ಗ್ರಾಂ ಆಸುಪಾಸು, ಒಂದು ಹಿಡಿ ಶೇಂಗಾದಲ್ಲಿ 7 ಗ್ರಾಂ, ಒಂದು ಲೋಟ ಹಾಲಿನಲ್ಲಿ 6 ಗ್ರಾಂ ಇರುತ್ತದೆ. ರೊಟ್ಟಿಯೊಡನೆ ಮೊಳಕೆಯೊಡೆದ ಮಡಕಿ ಕಾಳಿನ ಪಲ್ಯ, ಝುಣಕ, ಶೇಂಗಾ ಹಿಂಡಿ, ಗಟ್ಟಿ ಮೊಸರು ಇರುವ ನಮ್ಮ ಹಿರಿಯರ ಊಟ ಈ ಲೆಕ್ಕಕ್ಕೆ ಸರಿಹೋಗುತ್ತದೆ. ಅನ್ನ-ತಿಳಿಸಾರು, ಚಹಾ-ಬಿಸ್ಕೀಟುಗಳಲ್ಲಿ ದಿನ ಕಳೆಯುವವರ ಲೆಕ್ಕ ಮಾತ್ರ ತಪ್ಪುತ್ತದೆ. ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳಿಯೇ ಪ್ರಮಾಣವನ್ನು ನಿರ್ಧರಿಸಬೇಕು.

ತಾಯಂದಿರಿಗೆ ಒಂದು ಮಾತು

ಈ ಲೇಖನವನ್ನು ಮನೆಯ ಗಂಡಸರಿಗೆಂದು ಮೀಸಲಿಟ್ಟು ಪುಟ ತಿರುಗಿಸಬೇಡಿರಿ. ಮುಟ್ಟು ನಿಂತ ನಂತರದ ವರ್ಷಗಳಲ್ಲಿ ಮಹಿಳೆಯರ ಎಲುಬು ಪುರುಷರ ಎಲುಬಿಗಿಂತ ವೇಗವಾಗಿ ಸವೆಯುತ್ತದೆ. ನಮ್ಮ ಮನೆಯಲ್ಲಿ ಮುರಿದದ್ದು ನನ್ನ ಮಣಿಕಟ್ಟಲ್ಲ. ಪಟ್ಟಿ ಬಿಚ್ಚಿ, ವೈದ್ಯರು ಒಪ್ಪಿಗೆ ಕೊಟ್ಟ ಮೇಲೆ ಮನೆಯವರೂ ಅರ್ಧ ಲೀಟರು ನೀರಿನ ಬಾಟಲಿಯಿಂದ ಆರಂಭಿಸಿದರು. ಈಗ ಸೋಮವಾರ, ಗುರುವಾರ ಸಂಜೆ ಇಬ್ಬರೂ ಪಡಸಾಲೆಯಲ್ಲಿ ಎದುರುಬದುರಾಗಿ ನಿಲ್ಲುತ್ತೇವೆ. ಎಣಿಸುವ ಕೆಲಸ ಅವರದು. ನಾನು ಎಣಿಸಿದರೆ ಒಂದೆರಡು ನುಂಗುತ್ತೇನೆಂಬ ಸಂಶಯ ಅವರಿಗಿದೆ. ಆ ಸಂಶಯ ನಿರಾಧಾರವಲ್ಲ.

ನಾಲ್ಕು ವರ್ಷಗಳಲ್ಲಿ ನಾನು ಪೈಲವಾನನಾಗಿಲ್ಲ. ತೋಳಿನ ಗಾತ್ರ ಇದ್ದಷ್ಟೇ ಇದೆ ಎಂದು ದರ್ಜಿ ಹೇಳುತ್ತಾನೆ. ಆದರೆ ಊಟ ಮುಗಿಸಿ ನೆಲದಿಂದ ಏಳುವಾಗ ಕೈಯೂರುವುದಿಲ್ಲ. ರಾಜಹಂಸಗಡದ ಏರಿನಲ್ಲಿ ಮೊದಲು ಇಳಿದು ತಳ್ಳುತ್ತಿದ್ದ ತಿರುವನ್ನು ಈಗ ತುಳಿದೇ ದಾಟುತ್ತೇನೆ. ಕಳೆದ ಚಳಿಗಾಲದಲ್ಲಿ ಎದುರು ಮನೆಯ ಅಜ್ಜನವರು ಅಂಗಳದಲ್ಲಿ ಕುಸಿದು ಕುಳಿತಾಗ, ವಿದ್ಯಾರ್ಥಿಗಳನ್ನು ಕರೆಯುವ ಮೊದಲೇ ಅವರನ್ನು ಎತ್ತಿ ಕಟ್ಟೆಯ ಮೇಲೆ ಕೂಡಿಸಿದ್ದೆ. ಮನೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಏನೂ ಅನ್ನಲಿಲ್ಲ. ಅಂದು ರಾತ್ರಿ ರೊಟ್ಟಿಯ ಮೇಲೆ ಬೆಣ್ಣೆ ತುಸು ಹೆಚ್ಚಾಗಿಯೇ ಇತ್ತು.

ಖಾನಾಪುರದ ಬಂಧುಗಳೆ, ನಿಮಗೆ ನನಗಿಂತ ಹದಿನೈದು ವರ್ಷ ಮೊದಲೇ ಈ ವಿಚಾರ ಹೊಳೆದಿದೆ. ಯಾರಾದರೂ ಬೀಳುವವರೆಗೆ ಕಾಯಬೇಡಿರಿ. ನಾಳೆಯ ಸವಾರಿ ಮುಗಿಸಿ ಬಂದ ಮೇಲೆ ಒಂದು ಕುರ್ಚಿಯನ್ನು ಗೋಡೆಗೆ ಒರಗಿಸಿಡಿ, ಕೈ ಕಟ್ಟಿಕೊಂಡು 8 ಸಲ ಎದ್ದು ಕೂಡಿರಿ. ಮೊದಲ ದಿನಕ್ಕೆ ಅಷ್ಟು ಸಾಕು. 12 ವಾರಗಳಾದ ಮೇಲೆ ಇನ್ನೊಂದು ಪತ್ರ ಬರೆಯಿರಿ.

ಶರಣು ಶರಣಾರ್ಥಿ.